1819

ಮಳೆಗಾಲ ಹಿಡಿಯಿತೆಂದರೆ ನಮ್ಮ ಅಪ್ಪಯ್ಯ ಪೇಪರನ್ನು ಒಳಗಿನಿಂದ ಓದಲು ಶುರುಮಾಡುತ್ತಾನೆ. ಮುಖಪುಟದಲ್ಲಿ ಸರ್ಕಾರವೇ ಬಿದ್ದುಹೋಗಿರಲಿ, ಅವನ ಕನ್ನಡಕ ಮೊದಲು ಹೋಗಿ ನಿಲ್ಲುವುದು ಒಳಪುಟದ ಮೂಲೆಯ ಒಂದು ಪುಟ್ಟ ಚೌಕದ ಮೇಲೆ. ಜಲಾಶಯಗಳ ಇಂದಿನ ಮಟ್ಟ. ಕೆಆರ್‌ಎಸ್, ಭದ್ರಾ, ತುಂಗಭದ್ರಾ ಎಲ್ಲವನ್ನೂ ದಾಟಿ ಬೆರಳು ಲಿಂಗನಮಕ್ಕಿಯ ಮೇಲೆ ಬಂದು ನಿಲ್ಲುತ್ತದೆ. ಅದರೆದುರು ಎರಡು ಅಂಕಿ. ಒಂದು ಯಾವತ್ತೂ ಬದಲಾಗದ್ದು: 1819. ಇನ್ನೊಂದು ದಿನಾ ಬದಲಾಗುವುದು.

1819 ಅಡಿ ಎಂದರೆ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ, ಸಮುದ್ರದಿಂದ ಲೆಕ್ಕ ಹಾಕಿದ್ದು. ನೀರು ಅಲ್ಲಿಗೆ ಮುಟ್ಟಿದರೆ ಡ್ಯಾಮ್ ತುಂಬಿತು, ಗೇಟು ತೆಗೆಯುತ್ತಾರೆ, ಜೋಗಕ್ಕೆ ಜನ ನುಗ್ಗುತ್ತಾರೆ, ಟೀವಿಯವರು ಕೊಡೆ ಹಿಡಿದುಕೊಂಡು ನಿಂತು ಕಿರುಚುತ್ತಾರೆ. ನಾಡಿಗೆಲ್ಲ ಅದು ಸಂತೋಷದ ಅಂಕಿ. ನಾನೂ ಚಿಕ್ಕಂದಿನಲ್ಲಿ ಹಾಗೇ ಅಂದುಕೊಂಡಿದ್ದೆ. ಅಪ್ಪಯ್ಯ ನೋಡುತ್ತಿದ್ದದ್ದು ಎಷ್ಟು ತುಂಬಿತು ಎಂದಲ್ಲ, ನಮ್ಮದು ಎಷ್ಟು ಮುಳುಗಿತು ಎಂದು. ಇದು ನನಗೆ ಗೊತ್ತಾಗುವಾಗ ಹೈಸ್ಕೂಲು ಮುಗಿಯುತ್ತಾ ಬಂದಿತ್ತು.

ನಮ್ಮ ಮೂಲದ ಊರು ಆ ನೀರಿನ ಅಡಿಯಲ್ಲಿದೆ. ಸಾಗರ ತಾಲ್ಲೂಕಿನ ಪಶ್ಚಿಮಕ್ಕೆ, ಹೊಳೆದಂಡೆಯ ಹತ್ತೋ ಹದಿನೈದೋ ಮನೆಗಳ ಊರು. ಹೆಸರು ಹೇಳಿದರೆ ನಕ್ಷೆಯಲ್ಲಿ ಹುಡುಕುತ್ತೀರಿ, ಸಿಗುವುದಿಲ್ಲ, ಬಿಡಿ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಜೋಗದಿಂದ ಐದಾರು ಕಿಲೋಮೀಟರು ಮೇಲೆ, ಕಾರ್ಗಲ್ಲಿನ ಹತ್ತಿರ ಶರಾವತಿಗೆ ಅಡ್ಡಲಾಗಿ ಸುಮಾರು ಎರಡೂವರೆ ಕಿಲೋಮೀಟರು ಉದ್ದಕ್ಕೆ ಮಲಗಿದೆ. ಹಿಡಿಯುವ ನೀರು 151 ಟಿಎಂಸಿ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ತುಂಬಿದಾಗ ನೀರು ಹರಡಿಕೊಳ್ಳುವ ಜಾಗ 300 ಚದರ ಕಿಲೋಮೀಟರಿಗೂ ಮಿಕ್ಕಿ. ಈ ಕೊನೆಯ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇಲ್ಲಿಯ ಗುಡ್ಡಗಳ ನಡುವಿನ ಕಣಿವೆ ಹರಿವಾಣದ ಹಾಗೆ ಅಗಲ, ಕಡಾಯಿಯ ಹಾಗೆ ಆಳವಲ್ಲ. ತುಂಬುವ ಹೊತ್ತಿನಲ್ಲಿ ಒಂದೇ ಒಂದು ಅಡಿ ಏರಿದರೆ ಮೂರು ಟಿಎಂಸಿಯಷ್ಟು ನೀರು ಬಂದ ಹಾಗೆ. ಅಂದರೆ ಒಂದೊಂದು ಅಡಿಗೂ ಗದ್ದೆಯ ಮೇಲೆ ಗದ್ದೆ, ದಿಬ್ಬದ ಮೇಲೆ ದಿಬ್ಬ ಹೋಗುತ್ತದೆ.

ಕೆಲಸ ಮಾತ್ರ ಜಾಣತನದ್ದೇ. ಅದನ್ನು ಒಪ್ಪದೇ ಇರಲು ಆಗುವುದಿಲ್ಲ. ಲಿಂಗನಮಕ್ಕಿಯಲ್ಲಿ ಹಿಡಿದ ನೀರು ತಳಕಳಲೆಯ ಸಣ್ಣ ಜಲಾಶಯಕ್ಕೆ ಹೋಗುತ್ತದೆ, ಹೋಗುವ ದಾರಿಯಲ್ಲೇ 55 ಮೆಗಾವಾಟ್ ಕೊಟ್ಟು ಹೋಗುತ್ತದೆ. ತಳಕಳಲೆಯಿಂದ ದಪ್ಪ ಕೊಳವೆಗಳಲ್ಲಿ ಘಟ್ಟ ಇಳಿದು ಶರಾವತಿ ವಿದ್ಯುದಾಗಾರದ ಹತ್ತು ಟರ್ಬೈನುಗಳನ್ನು ತಿರುಗಿಸುತ್ತದೆ. ಮೊದಲು 891 ಮೆಗಾವಾಟ್ ಇದ್ದದ್ದು ಈಗ 1035. ಅಲ್ಲಿಂದ ಹೊರಬಿದ್ದ ನೀರನ್ನು ಗೇರುಸೊಪ್ಪೆಯಲ್ಲಿ ಮತ್ತೆ ತಡೆದು ಇನ್ನೂ 240. ಜೋಗದ ಕೆಳಗಿನ ಹಳೆಯ ಮಹಾತ್ಮ ಗಾಂಧಿ ವಿದ್ಯುದಾಗಾರದ್ದು ಬೇರೆಯೇ ಲೆಕ್ಕ. ಕಬ್ಬನ್ನು ಗಾಣಕ್ಕೆ ಎರಡು ಸಲ ಕೊಡುವವರನ್ನು ನೋಡಿದ್ದೇನೆ, ಈ ಒಂದು ಹೊಳೆಯನ್ನು ನಾಲ್ಕು ಸಲ ಹಿಂಡುತ್ತಾರೆ. ಕಲ್ಲಿದ್ದಲು ಬೇಡ, ಹೊಗೆ ಇಲ್ಲ, ಸ್ವಿಚ್ಚು ಹಾಕಿದ ಕೆಲವೇ ನಿಮಿಷಕ್ಕೆ ಕರೆಂಟು. ಸಂಜೆ ಆರರ ಮೇಲೆ ಇಡೀ ರಾಜ್ಯ ಒಟ್ಟಿಗೆ ದೀಪ ಹಚ್ಚಿದಾಗ ಆ ಹೊರೆಗೆ ಈ ಹೊಳೆಯೂ ಹೆಗಲು ಕೊಡುತ್ತದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನನ್ನ ಲ್ಯಾಪ್‌ಟಾಪಿನೊಳಗೆ ಅಜ್ಜನ ಗದ್ದೆಯ ಪಾಲು ಎಷ್ಟಿರಬಹುದು ಎಂದು ಒಮ್ಮೆ ಲೆಕ್ಕ ಹಾಕಲು ಹೋಗಿ, ನಾಚಿಕೆಯಾಗಿ ಬಿಟ್ಟೆ.

ಲಿಂಗನಮಕ್ಕಿಗೂ ಮುಂಚೆ ಇನ್ನೊಂದು ಡ್ಯಾಮ್ ಇತ್ತು ಎನ್ನುವುದು ಜೋಗ ನೋಡಲು ಹೋಗುವ ಬಹಳ ಜನಕ್ಕೆ ಗೊತ್ತಿಲ್ಲ. ಹಿರೇಭಾಸ್ಕರ. ನಮ್ಮ ಕಡೆಯವರ ಬಾಯಲ್ಲಿ ಮಡೆನೂರು ಡ್ಯಾಮ್. 1948ರಲ್ಲಿ ಜೋಗದ ಮೊದಲ ವಿದ್ಯುದಾಗಾರ ಶುರುವಾದಾಗ ಅದಕ್ಕೆ ಬೇಸಿಗೆಯ ನೀರು ಒದಗಿಸಲು ಕಟ್ಟಿದ್ದು. ಗೇಟುಗಳ ಬದಲು ದುಂಡು ದುಂಡು ಸೈಫನ್ನುಗಳು. ನೀರು ಒಂದು ಮಟ್ಟ ಮುಟ್ಟಿದರೆ ಯಾರೂ ಮುಟ್ಟದೆ ತಾನೇ ಎಳೆದುಕೊಂಡು ಹೊರಗೆ ಬಿಡುವ ಯುಕ್ತಿ. ಗಣೇಶ ಅಯ್ಯರ್ ಎಂಬ ಮೈಸೂರಿನ ಎಂಜಿನಿಯರರ ತಲೆಯಿಂದ ಬಂದದ್ದು. ಹದಿನಾರು ವರ್ಷಕ್ಕೆ ಆ ಡ್ಯಾಮೇ ಲಿಂಗನಮಕ್ಕಿಯ ನೀರಲ್ಲಿ ಮುಳುಗಿತು. ಡ್ಯಾಮನ್ನು ಡ್ಯಾಮು ನುಂಗಿದ ಕತೆ.

ಎಂಜಿನಿಯರುಗಳಿಗೆ ಇದೊಂದು ಸ್ವಾರಸ್ಯದ ಸಂಗತಿ ಇರಬಹುದು. ಮಡೆನೂರಿಗಾಗಿ ಒಮ್ಮೆ ಎದ್ದು ದಿಬ್ಬದ ಮೇಲೆ ಮನೆ ಕಟ್ಟಿಕೊಂಡು, ತೋಟಕ್ಕೆ ಅಡಿಕೆ ಸಸಿ ಇಟ್ಟು, ಸಸಿ ಫಲಕ್ಕೆ ಬರುವ ಹೊತ್ತಿಗೆ "ಇದೂ ಮುಳುಗುತ್ತದೆ" ಎನ್ನಿಸಿಕೊಂಡವರು ಇದ್ದಾರೆ. ಹೊಸನಗರ ತಾಲ್ಲೂಕಿನವರದ್ದಂತೂ ಕೇಳುವುದೇ ಬೇಡ. ಲಿಂಗನಮಕ್ಕಿಯ ಹಿನ್ನೀರು ಸಾಲದೆಂದು ಆಮೇಲೆ ಚಕ್ರಾ, ಸಾವೆಹಕ್ಲು, ವಾರಾಹಿ ಹೊಳೆಗೆ ಕಟ್ಟಿದ ಮಾಣಿ, ಹೀಗೆ ಡ್ಯಾಮಿನ ಮೇಲೆ ಡ್ಯಾಮು. "ನಿಮ್ಮದು ಯಾವುದರ ಮುಳುಗಡೆ?" ಎಂದು ಕೇಳಿಕೊಂಡು ಪರಿಚಯ ಮಾಡಿಕೊಳ್ಳುವ ಜನ ಈ ಭೂಮಿಯ ಮೇಲೆ ಮತ್ತೆಲ್ಲಾದರೂ ಇದ್ದಾರೋ ಗೊತ್ತಿಲ್ಲ. ನಮ್ಮಲ್ಲಿ ಅದು ನಕ್ಷತ್ರ ಕೇಳಿದ ಹಾಗೆ.

ಮುಳುಗಡೆಯ ಕತೆಯನ್ನು ನನಗೆ ಹೇಳಿದ್ದು ಅಜ್ಜಿ, ಅದೂ ಒಂದೇ ಸಲಕ್ಕಲ್ಲ. ಬತ್ತಿ ಹೊಸೆಯುವಾಗ ಒಂದು ಚೂರು, ಗೋಟಡಿಕೆ ಸುಲಿಯುವಾಗ ಒಂದು ಚೂರು. ಅವಳ ಕತೆಯಲ್ಲಿ ಸರ್ಕಾರ, ನೆಹರು, ದೇಶ ಯಾವುದೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಕೆಂಪು ಬಣ್ಣ. "ಸರ್ವೆಯವರು ಬಂದು ಮರಕ್ಕೆ, ಬಂಡೆಗೆ ಕೆಂಪು ಹಚ್ಚಿದ್ರು. ಇಲ್ಲೀವರೆಗೆ ನೀರು ಬತ್ತದೆ ಅಂದ್ರು. ನಿಮ್ಮ ಅಜ್ಜ ನಗಾಡಿದ್ರು. ಆ ಗುರುತು ನಮ್ಮ ಮನೆ ಹಂಚಿಗಿಂತ ಎಷ್ಟೋ ಮೇಲಿತ್ತು ತಮಾ, ಅಲ್ಲೀವರೆಗೆ ಹೊಳೆ ಹತ್ತದಾ?"

ಹತ್ತಿತು.

ನಾವು ಗೇಣಿಯವರು. ಗದ್ದೆ ಉತ್ತದ್ದು ನಾವಾದರೂ ಕಾಗದದಲ್ಲಿ ಹೆಸರು ಒಡೆಯರದ್ದು. ಇದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಜೈಲಿಗೆ ಹೋಗಿದ್ದರು, ಶಾಂತವೇರಿ ಗೋಪಾಲಗೌಡರ ಹೆಸರು ಮನೆಮನೆಗೂ ಗೊತ್ತಾಗಿತ್ತು. ಆದರೆ ಉಳುವವನಿಗೇ ಹೊಲ ಎಂದು ಕಾಯ್ದೆ ಗಟ್ಟಿಯಾಗಿ ತಿದ್ದುಪಡಿಯಾದದ್ದು 1974ರಲ್ಲಿ. ನಮ್ಮ ಗದ್ದೆ ಮುಳುಗಿ ಆಗಲೇ ಹತ್ತು ವರ್ಷ. ಘಟ್ಟದ ಮೇಲೆ ಎಷ್ಟೋ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಒಡೆಯರಾದರು. ನಮ್ಮಜ್ಜ ಯಾವುದಕ್ಕೆ ಡಿಕ್ಲರೇಶನ್ ಕೊಡಬೇಕಿತ್ತು, ಮೀನಿಗಾ? ಈ ಹತ್ತು ವರ್ಷದ ಅಂತರದ ಬಗ್ಗೆ ಯಾರೂ ಮಾತಾಡುವುದಿಲ್ಲ. ಡ್ಯಾಮು ಹತ್ತು ವರ್ಷ ತಡವಾಗಿ ಬಂದಿದ್ದರೆ ಪರಿಹಾರದ ಪಟ್ಟಿಯಲ್ಲಿ ಹೆಸರುಗಳೇ ಬೇರೆ ಇರುತ್ತಿದ್ದವು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಎದ್ದ ದಿನ ಲಾರಿ ಬಂತಂತೆ. ಅಜ್ಜಿ ಮೊದಲ ಸಲ ಲಾರಿ ಹತ್ತಿದ್ದೇ ಅವತ್ತು. ಭತ್ತದ ಮೂಟೆ, ಹಂಡೆ, ನೊಗ, ನೇಗಿಲು, ಬೀಜದ ಸೌತೆ, ದೇವರ ಕಲ್ಲು, ಬಾಗಿಲ ಚೌಕಟ್ಟು. ಚೌಕಟ್ಟನ್ನು ಕಿತ್ತು ತಂದಿದ್ದರು, ಈಗಲೂ ನಮ್ಮ ಮನೆಯ ಬಾಗಿಲು ಅದೇ. ಗೋಡೆ ಗಿಡ್ಡ, ಚೌಕಟ್ಟು ಎತ್ತರ, ಹಾಗಾಗಿ ಮೇಲೆ ಸ್ವಲ್ಪ ಗೋಡೆ ಒಡೆದು ಕೂರಿಸಿದ ಗುರುತು ಕಾಣುತ್ತದೆ. ಬಿಟ್ಟು ಬಂದದ್ದು ಒರಳುಕಲ್ಲು. ಹಿತ್ತಲಿನ ಜಗುಲಿಯಲ್ಲಿ ಹುಗಿದು ಕೂರಿಸಿದ್ದು, ನಾಲ್ಕು ಜನ ಎತ್ತಿದರೂ ಏಳಲಿಲ್ಲವಂತೆ. ಲಾರಿಯವನು ಅವಸರ ಮಾಡಿದ. ಅಜ್ಜಿ ಗುಂಡುಕಲ್ಲನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡು ಬಂದಳು. ಒರಳಿಲ್ಲದ ಗುಂಡುಕಲ್ಲು! ಹೊಸ ಊರಲ್ಲಿ ಒರಳು ಕಡೆಸುವಾಗ ಆ ಗುಂಡಿಗೆ ಅಳತೆ ಕೊಟ್ಟು ಕಡೆಸಿದರು. ಆದರೂ "ಕೂರದಿಲ್ಲ ಅದು ಸರಿಯಾಗಿ, ಗಡಗಡ ಅಂತದೆ" ಎನ್ನುತ್ತಿದ್ದಳು. 2009ರಲ್ಲಿ ತೀರಿಕೊಳ್ಳುವ ತನಕವೂ ಎನ್ನುತ್ತಿದ್ದಳು, ಮನೆಗೆ ಮಿಕ್ಸಿ, ಗ್ರೈಂಡರ್ ಎರಡೂ ಬಂದ ಮೇಲೂ.

ಲಾರಿ ಅವರನ್ನು ಇಳಿಸಿದ್ದು ಶಿವಮೊಗ್ಗದ ಕಡೆಯ ಒಂದು ಕಾಡಿನಲ್ಲಿ. ಬಿದಿರು ಮೆಳೆ ಕಡಿದು ಗುಡಿಸಲು ಹಾಕಿಕೊಂಡರು. ದನಗಳನ್ನು ಅಜ್ಜ ನಡೆಸಿಕೊಂಡೇ ಬಂದಿದ್ದ. ಅವುಗಳಲ್ಲಿ ಕೌಲಿ ಎಂಬ ಒಂದು ಗಿಡ್ಡ ದನ ಎರಡು ಸಲ ವಾಪಸು ಹೋಯಿತು. ಮೊದಲ ಸಲ ಅಜ್ಜ ಹೋಗಿ ಕೊಟ್ಟಿಗೆಯಲ್ಲೇ ನಿಂತಿದ್ದದ್ದನ್ನು ಹೊಡೆದುಕೊಂಡು ಬಂದ. ಎರಡನೇ ಸಲ ಹೋದವನು ಬರಿಗೈಯಲ್ಲಿ ಬಂದ, ಏನಾಯಿತೆಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಹೊಸ ಊರಿನ ಭೂಮಿಯದ್ದು ಇನ್ನೊಂದು ಪುರಾಣ. ಸರ್ಕಾರವೇ ತಂದು ಇಳಿಸಿದ ಜಾಗ, ಸರ್ಕಾರವೇ ಕಡಿಯಿರಿ ಎಂದ ಕಾಡು. ಆದರೆ ಕಾಗದದಲ್ಲಿ ಅದು ಕಾಡಾಗಿಯೇ ಉಳಿಯಿತು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಅಲ್ಲಿಂದಾಚೆಗೆ ದೆಹಲಿಯ ಒಪ್ಪಿಗೆ ಇಲ್ಲದೆ ಒಂದು ಗುಂಟೆಯನ್ನೂ ಬಿಡಿಸುವ ಹಾಗಿಲ್ಲ. ಮುಳುಗಡೆಯವರ ಭೂಮಿಯನ್ನು ಕಾಡಿನ ಲೆಕ್ಕದಿಂದ ಬಿಡಿಸಲು ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಶನ್ನುಗಳು ಅದೇ ಕಾರಣಕ್ಕೆ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ಯಾವ ಚುನಾವಣೆ ಬಂದರೂ "ಶರಾವತಿ ಸಂತ್ರಸ್ತರ ಸಮಸ್ಯೆ" ಎಂಬ ಮಾತು ಬರುತ್ತದೆ, ಚುನಾವಣೆ ಮುಗಿದ ಮೇಲೂ ಸಮಸ್ಯೆ ಇರುತ್ತದೆ. ಮೂರು ಪಕ್ಷದವರೂ ಪಾದಯಾತ್ರೆ, ಸಮಾವೇಶ ಮಾಡಿ ದಣಿದಿದ್ದಾರೆ, ಪಾಪ.

ನಾನು ಎಂಜಿನಿಯರಿಂಗ್ ಸೇರುವಾಗ ಸಾಲಕ್ಕೆಂದು ಒಂದು ಬ್ಯಾಂಕಿಗೆ ಹೋಗಿದ್ದೆವು. ಪಹಣಿ ಕೇಳಿದರು. ಅಪ್ಪಯ್ಯ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟ: ಮಂಜೂರಾತಿ ಪತ್ರದ ನಕಲು, ಕಂದಾಯದ ರಸೀದಿ, ಮಡಿಕೆಯಲ್ಲಿ ಹರಿದು ಟೇಪು ಹಚ್ಚಿದ ಸಾಗುವಳಿ ಚೀಟಿ. ಬ್ಯಾಂಕಿನವರು ಓದಿ, "ಇದು ಅರಣ್ಯ ಅಂತ ಇದೆಯಲ್ಲ" ಎಂದರು. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೇ ಬಂದು ನೋಡಿ ಸಾರ್, ಅಡಿಕೆ ಮರ ಇದಾವೆ" ಎಂದ. ಅವರು ನಕ್ಕರು. ಸಾಲ ಸಿಗಲಿಲ್ಲ. ಅಮ್ಮನ ಬಳೆ ಹೋಯಿತು. ಆಮೇಲೆ ನಾನು ಓದಿದ್ದು ಎಲೆಕ್ಟ್ರಿಕಲ್, ಅದೊಂದು ತಮಾಷೆ.

ಇದೆಲ್ಲ ಮುಳುಗಿ ಎದ್ದು ಹೋದವರದ್ದಾಯಿತು. ಮುಳುಗದೆ ಉಳಿದವರ ಪಾಡೇನು? ಅದನ್ನು ನಾನು ಕಂಡದ್ದು ಅತ್ತೆಯ ಮನೆಯಲ್ಲಿ.

ಅಪ್ಪಯ್ಯನ ತಂಗಿಯನ್ನು ಕೊಟ್ಟಿದ್ದು ತುಮರಿಯ ಕಡೆಗೆ. ಕರೂರು, ಬಾರಂಗಿ ಹೋಬಳಿಗಳು ಅವು. ಡ್ಯಾಮು ತುಂಬಿದ ಮೇಲೆ ಸಾಗರದ ರಸ್ತೆ ನೀರೊಳಗೆ ಹೋಯಿತು, ಅಷ್ಟೂ ಊರುಗಳು ಹೊಳೆಯಾಚೆ ಆದವು. ಹಿಂದೆ ಸಾಗರದ ಪೇಟೆಗೆ ಗಾಡಿ ಕಟ್ಟಿಕೊಂಡು ಹೋಗಿಬರುತ್ತಿದ್ದವರು ಲಾಂಚು ಕಾಯುವವರಾದರು. ಈ ಕಡೆ ಅಂಬಾರಗೋಡ್ಲಿನ ಹೊಳೆಬಾಗಿಲು, ಆ ಕಡೆ ಕಳಸವಳ್ಳಿ. ಹೊಳೆಬಾಗಿಲು ಎಂಬ ಹೆಸರು ನೋಡಿ. ಬಾಗಿಲೇ ಅದು. ಸಂಜೆ ಹಾಕಿದರೆ ಮತ್ತೆ ತೆಗೆಯುವುದು ಬೆಳಿಗ್ಗೆ.

ಚಿಕ್ಕಂದಿನಲ್ಲಿ ಲಾಂಚೆಂದರೆ ನಮಗೆ ಹಬ್ಬ. ಡೀಸೆಲ್ ವಾಸನೆ, ತಗಡಿನ ನೆಲ ಕಾಲಡಿಯಲ್ಲಿ ನಡುಗುವುದು, ಒಂದು ಬಸ್ಸು, ಎರಡು ಜೀಪು, ಅಡಿಕೆ ಮೂಟೆ, ಕೋಳಿ ಬುಟ್ಟಿ, ಸಿಗಂದೂರು ಚೌಡೇಶ್ವರಿಗೆ ಹೊರಟ ಸಂಸಾರಗಳು, ಎಲ್ಲ ಒಟ್ಟಿಗೆ ತೇಲುತ್ತಾ ಹೋಗುವುದು. ನೀರಿನ ನಡುವೆ ಅಲ್ಲಲ್ಲಿ ಕಪ್ಪಗೆ ಎದ್ದು ನಿಂತ ಮರದ ಬೊಡ್ಡೆಗಳು. ಅವು ಸತ್ತು ದಶಕಗಳಾದರೂ ಬೀಳಲಿಲ್ಲ, ನೀರೊಳಗಿನ ಮರ ಕೊಳೆಯುವುದು ನಿಧಾನ. ಈಗ ಅವುಗಳ ಹಿಂದೆ ಸೂರ್ಯ ಮುಳುಗುವ ಫೋಟೋ ತೆಗೆಯಲು ಹೊನ್ನೆಮರಡಿಗೆ ಜನ ಬರುತ್ತಾರೆ. ಚಂದವೇ. ನನ್ನ ಫೋನಿನಲ್ಲೂ ಅಂಥದ್ದೊಂದು ಫೋಟೋ ಇದೆ.

ಅತ್ತೆಗೆ ಲಾಂಚು ಹಬ್ಬವಾಗಿರಲಿಲ್ಲ. ಅವಳ ಮೊದಲ ಹೆರಿಗೆಯ ನೋವು ಶುರುವಾದದ್ದು ರಾತ್ರಿ ಊಟದ ಹೊತ್ತಿಗೆ. ಮಾವ ಕಳಸವಳ್ಳಿಯ ದಂಡೆಗೆ ಓಡಿ, ಲಾಂಚಿನವರನ್ನು ಎಬ್ಬಿಸಿ, ಅವರು ಬಂದು ಎಂಜಿನ್ ಹಾಕಿ, ಆ ಕತ್ತಲಲ್ಲಿ ದಾಟಿಸಿದರು. ಆಪತ್ತಿಗೆ ಅವರು ಎಂದೂ ಇಲ್ಲ ಎಂದವರಲ್ಲ, ಅದನ್ನು ಆಚೆಯವರು ಯಾರನ್ನು ಕೇಳಿದರೂ ಹೇಳುತ್ತಾರೆ. ಮಗು ಹುಟ್ಟಿದ್ದು ಸಾಗರ ಇನ್ನೂ ದೂರವಿರುವಾಗಲೇ, ಜೀಪಿನಲ್ಲಿ. ಆ ಅಕ್ಕನನ್ನು ನಾವು ಈಗಲೂ ಜೀಪಕ್ಕ ಎನ್ನುತ್ತೇವೆ, ಅವಳ ಮದುವೆಯ ಕರೆಯೋಲೆಯಲ್ಲಿ ಮಾತ್ರ ಬೇರೆ ಹೆಸರಿತ್ತು.

ಕರೆಂಟಿನ ಕತೆಯನ್ನೂ ಹೇಳಿಬಿಡುತ್ತೇನೆ. ಅತ್ತೆಯ ಮನೆಯ ಅಂಗಳದಲ್ಲಿ ನಿಂತರೆ ದೂರದ ಗುಡ್ಡದ ಮೇಲೆ ಹಾದುಹೋಗುವ ದೊಡ್ಡ ಲೈನಿನ ಟವರು ಕಾಣುತ್ತಿತ್ತು. ಮನೆಯೊಳಗೆ ಚಿಮಣಿ ಬುಡ್ಡಿ. ನಾನು ಐದನೇ ಕ್ಲಾಸಿನ ಬೇಸಿಗೆ ರಜೆಗೆ ಹೋದಾಗಲೂ ಚಿಮಣಿ ಬುಡ್ಡಿಯೇ. ಮಾವ ಆ ಟವರಿನ ಕಡೆ ಬೆರಳು ತೋರಿಸಿ, "ನೋಡು, ನಮ್ಮ ನೀರು ನಮ್ಮ ತಲೆ ಮೇಲೇ ಹೋಗ್ತದೆ ಮಾರಾಯ, ಕೆಳಗೆ ಮಾತ್ರ ಇಳಿಯದಿಲ್ಲ" ಎಂದು ನಗುತ್ತಿದ್ದರು. ಸಿಟ್ಟಿನಿಂದ ಹೇಳಿದ್ದಲ್ಲ. ಆ ಕಡೆಯವರಿಗೆ ಸಿಟ್ಟು ಮಾಡಿಕೊಳ್ಳುವ ಅಭ್ಯಾಸ ಹೋಗಿ, ತಮಾಷೆ ಮಾಡುವ ಅಭ್ಯಾಸ ಉಳಿದಿತ್ತು.

1819ರ ಅಂಕಿಗೆ ಅತ್ತೆಯ ಮನೆಯಲ್ಲಿ ಬೇರೆಯೇ ಅರ್ಥ. ಮಟ್ಟ ತೀರಾ ಇಳಿದರೆ ಲಾಂಚು ದಂಡೆಗೆ ಸರಿಯಾಗಿ ತಾಗುವುದಿಲ್ಲ, ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಾರೆ. ಆಗ ಸಾಮಾನು ತಲೆಯ ಮೇಲೆ, ಇಲ್ಲವಾದರೆ ಬಿದನೂರು ನಗರ, ಹೊಸನಗರ ಎಂದು ಊರು ಸುತ್ತಿ ಬರಬೇಕು. ಹಾಗಾಗಿ ಜೂನ್ ಮೊದಲ ವಾರ ಮಳೆ ತಡವಾದರೆ ಅತ್ತೆ ಅಂಕಿ ಏರಲಿ ಎಂದು ಕಾಯುತ್ತಿದ್ದಳು. ಅವಳ ಅಣ್ಣ, ಅಂದರೆ ನಮ್ಮ ಅಪ್ಪಯ್ಯ, ಇನ್ನೊಂದು ನಾಲ್ಕು ದಿನ ಏರದೆ ಇರಲಿ ಎಂದು ಕಾಯುತ್ತಿದ್ದ. ಫೋನಿನಲ್ಲಿ ಇಬ್ಬರದ್ದೂ ಇದೇ ಜಗಳ.

ಅಪ್ಪಯ್ಯ ಯಾಕೆ ಹಾಗೆ ಕಾಯುತ್ತಾನೆ ಎನ್ನುವುದಕ್ಕೆ ಬರುತ್ತೇನೆ.

2023ರಲ್ಲಿ ಮುಂಗಾರು ತಡವಾಯಿತು. ಜೂನ್ ಬಂದರೂ ಮಳೆ ಇಲ್ಲ. ಲಿಂಗನಮಕ್ಕಿ ತಳ ಕಾಣುವ ಹಾಗೆ ಇಳಿಯಿತು. ರಾಜ್ಯದಲ್ಲೆಲ್ಲ ಆತಂಕ, ಕರೆಂಟು ಹೋದೀತೆಂಬ ಮಾತು. ಅಪ್ಪಯ್ಯ ಫೋನು ಮಾಡಿ, "ರಜೆ ಹಾಕಿ ಬಾ" ಎಂದ. ದನಿಯಲ್ಲಿ ಜಾತ್ರೆಗೆ ಕರೆಯುವ ಉಮೇದು.

ಮೊದಲು ಮಡೆನೂರು ಡ್ಯಾಮಿನ ಕಡೆ ಹೋದೆವು. ನೀರಿನಿಂದ ಮೇಲೆದ್ದ ಕಲ್ಲುಕಟ್ಟಡ, ದೈತ್ಯ ಬಾವಿಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಸೈಫನ್ನುಗಳು. ಅರುವತ್ತು ವರ್ಷ ನೀರೊಳಗಿದ್ದರೂ ಕಲ್ಲಿನ ಸಂದಿ ಬಿಟ್ಟಿಲ್ಲ. ನೋಡಲು ಬಂದವರ ಸಾಲೇ ಸಾಲು, ಚುರುಮುರಿ ಮಾರುವವನೂ ಬಂದಿದ್ದ. ಅಪ್ಪಯ್ಯ ಎರಡು ನಿಮಿಷ ನೋಡಿ, "ಇದು ಯಾವಾಗಲೂ ಹಿಂಗೇ ಇತ್ತು, ನಡಿ" ಎಂದು ಹೊರಟ. ಅವನಿಗೆ ಬೇಕಾದ್ದು ಬೇರೆ.

ಹಿನ್ನೀರು ಬತ್ತಿದ ನೆಲದಲ್ಲಿ ಒಂದೂವರೆ ತಾಸು ನಡೆದೆವು. ಬಿರುಕು ಬಿಟ್ಟ ಕೆಸರು, ಬಿರುಕಿನೊಳಗೆ ಕೈ ಹಾಕಿದರೆ ಮಣಿಕಟ್ಟಿನ ತನಕ ಹೋಗುತ್ತಿತ್ತು, ಒಳಗೆ ತಣ್ಣಗೆ. ಮೇಲೆ ಎಳೆಹುಲ್ಲು ಬಂದು ದನಗಳು ಮೇಯುತ್ತಿದ್ದವು. ಗುರುತು ಯಾವುದೂ ಇರಲಿಲ್ಲ ಎಂದು ನನಗೆ ಅನ್ನಿಸಿತು. ಅಪ್ಪಯ್ಯ ಮಾತ್ರ ಊರೊಳಗೆ ನಡೆದ ಹಾಗೆ ನಡೆಯುತ್ತಿದ್ದ. ಹನ್ನೊಂದು ವರ್ಷಕ್ಕೆ ಬಿಟ್ಟು ಹೋದ ಹುಡುಗ. ಒಂದು ಬೊಡ್ಡೆಯ ಹತ್ತಿರ ಎಡಕ್ಕೆ ತಿರುಗಿದ, ತಿರುಗುವಾಗ ಬಗ್ಗಿದ. ಯಾಕೆ ಬಗ್ಗಿದೆ ಎಂದು ಕೇಳಿದೆ. "ಇಲ್ಲೊಂದು ಹಲಸಿನ ಟೊಂಗೆ ಅಡ್ಡ ಇತ್ತು" ಎಂದ. ಹೇಳಿದ ಮೇಲೆ ಅವನಿಗೇ ನಗು ಬಂತು.

ಪಾಯದ ಕಲ್ಲುಗಳು ಸಿಕ್ಕವು. ಮೆಟ್ಟಿಲಿನ ಎರಡು ಕಲ್ಲು. ಬಾವಿ ಹೂಳಿನಿಂದ ಮುಚ್ಚಿ ಬರೀ ಒಂದು ಉಂಗುರ. ಹಂಚಿನ ಚೂರುಗಳು ಪಾದದಡಿಯಲ್ಲಿ ಕಟಕಟ ಎನ್ನುತ್ತಿದ್ದವು. ಅಪ್ಪಯ್ಯ ಹೆಜ್ಜೆ ಎಣಿಸಿಕೊಂಡು ಹಿತ್ತಲ ಕಡೆ ಹೋಗಿ ಒಂದು ಕಡೆ ಕೂತ. ಕೋಲಿನಿಂದ ಕೆದರಿದ. ದುಂಡಗಿನ ಅಂಚು ಕಂಡಿತು. ಒರಳು.

ಬಾಯಿತುಂಬ ಹೂಳು ಗಟ್ಟಿಯಾಗಿತ್ತು. ಕೋಲು, ಹಂಚಿನ ಚೂರು, ಆಮೇಲೆ ಬೆರಳು. ಅರ್ಧ ಗಂಟೆ ಕೆರೆದು ತೆಗೆದೆವು. ತಳದಲ್ಲಿ ಒಂದು ಸಣ್ಣ ಏಡಿ ಸತ್ತು ಒಣಗಿತ್ತು. ಬಾಟಲಿಯಲ್ಲಿದ್ದ ಕುಡಿಯುವ ನೀರು ಹಾಕಿ ಅಪ್ಪಯ್ಯ ಒರಳನ್ನು ಒಳಗಡೆ ತೊಳೆದ. ಅರುವತ್ತು ವರ್ಷ ನೀರಲ್ಲಿದ್ದ ಕಲ್ಲಿಗೆ ನೀರು ಹಾಕಿ ತೊಳೆಯುವುದು ನೋಡಿ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಒಳಗಿನ ಮೈ ನುಣ್ಣಗೆ, ಒಂದು ಕಡೆ ಮಾತ್ರ ಜಾಸ್ತಿ ಸವೆದಿತ್ತು. ಅಜ್ಜಿ ಎಡಚಿ. ಗುಂಡುಕಲ್ಲು ಹೊಸ ಒರಳಿನಲ್ಲಿ ಯಾಕೆ ಗಡಗಡ ಎನ್ನುತ್ತಿತ್ತು ಎಂದು ಆಗ ಅರ್ಥವಾಯಿತು.

ಕೊಂಡೊಯ್ಯೋಣ ಎಂದೆ. ಜೀಪು ತರಿಸೋಣ, ಜನ ಕರೆಯೋಣ. ಅಪ್ಪಯ್ಯ ಬೇಡ ಎಂದ. "ಅದು ಇದ್ದಲ್ಲೇ ಇರಲಿ. ಎಲ್ಲ ತಗಂಡೋದ್ರೆ ಬರಕ್ಕೆ ಕಾರಣ ಬೇಕಲ್ಲ."

ಮನೆಗೆ ಬಂದು ಅಂದಿನ ಪೇಪರು ತೆಗೆದು, ಅವತ್ತಿನ ಮಟ್ಟ ನೋಡಿ, ತನ್ನ ಡೈರಿಯಲ್ಲಿ "ಒರಳು" ಎಂದು ಬರೆದು ಪಕ್ಕದಲ್ಲಿ ಆ ಅಂಕಿ ಬರೆದ. ಅದೆಷ್ಟು ಎಂದು ಇಲ್ಲಿ ಬರೆಯುವುದಿಲ್ಲ. 1819 ನಿಮ್ಮೆಲ್ಲರದ್ದು, ಇದೊಂದು ನಮ್ಮ ಮನೆಯದ್ದಾಗಿರಲಿ.

ಡ್ಯಾಮಿನ ಪರಿಣಾಮ ಎಂದರೆ ಮೇಲಿನ ಮುಳುಗಡೆಯನ್ನಷ್ಟೇ ಹೇಳುತ್ತೇವೆ. ಕೆಳಗೆ ಹೋಗಿ ನೋಡಿದರೆ ಅಲ್ಲಿ ಇನ್ನೊಂದು ವಿಚಿತ್ರ. ನನ್ನ ಹಾಸ್ಟೆಲ್ಲಿನ ಗೆಳೆಯನೊಬ್ಬ ಹೊನ್ನಾವರದವನು. ಅವನ ಊರಿನ ಅಳಿವೆಯಲ್ಲಿ ಶರಾವತಿ ಕಡಲು ಸೇರುತ್ತದೆ. ಅಳಿವೆ ಎಂದರೆ ಉಪ್ಪುನೀರು, ಸಿಹಿನೀರು ಎರಡೂ ಋತುಮಾನಕ್ಕೆ ತಕ್ಕ ಹಾಗೆ ಹೆಚ್ಚುಕಡಿಮೆಯಾಗುವ ಜಾಗ. ಬೇಸಿಗೆಯಲ್ಲಿ ಉಪ್ಪು ಒಳಗೆ ಏರಬೇಕು, ಮಳೆಗಾಲದಲ್ಲಿ ಸಿಹಿ ಹೊರಗೆ ತಳ್ಳಬೇಕು. ಈಗ ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಬರುತ್ತಲೇ ಇರುತ್ತದೆ, ಬೇಸಿಗೆಯಲ್ಲೂ. ಉಪ್ಪು ಸಾಲದು. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಬುಟ್ಟಿಗಟ್ಟಲೆ ಬಳಚು ಎಂಬ ಚಿಪ್ಪುಮೀನು ಸಿಗುತ್ತದೆ, ಶರಾವತಿಯಲ್ಲಿ ಹೇಳಿಕೊಳ್ಳುವಷ್ಟಿಲ್ಲ. "ನಮ್ಮ ಹೊಳೆಗೆ ಉಪ್ಪಿನ ಬರ" ಎಂದು ಅವನ ತಾಯಿ ಹೇಳಿದ್ದು ನೆನಪಿದೆ. ನಮಗೆ ಮೇಲೆ ನೀರು ಹೆಚ್ಚಾಯಿತು, ಅವರಿಗೆ ಕೆಳಗೆ ಸಿಹಿ ಹೆಚ್ಚಾಯಿತು. ಯಾವ ಪರಿಹಾರದ ಪಟ್ಟಿಯಲ್ಲೂ ಬಳಚಿನ ಹೆಸರಿಲ್ಲ.

ಇಷ್ಟಾದ ಮೇಲೂ ಹೊಳೆಯನ್ನು ಬಿಟ್ಟಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂತು, ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಈಗ ಪಂಪ್ಡ್ ಸ್ಟೋರೇಜ್. ಕೆಳಗಿನ ಗೇರುಸೊಪ್ಪೆಯಿಂದ ಮೇಲಿನ ತಳಕಳಲೆಗೆ ನೀರೆತ್ತಿ, ಬೇಕಾದಾಗ ಮತ್ತೆ ಕೆಳಗೆ ಬಿಟ್ಟು 2000 ಮೆಗಾವಾಟ್ ಮಾಡುವುದು. ಎತ್ತಲು ಬೇಕಾಗುವ ಕರೆಂಟು ಬರುವುದಕ್ಕಿಂತ ಜಾಸ್ತಿಯೇ. ಲಾಭ ಇರುವುದು ಹೊತ್ತಿನ ವ್ಯತ್ಯಾಸದಲ್ಲಿ: ಹಗಲು ಬಿಸಿಲಿನ ಕರೆಂಟು ಮಿಕ್ಕಾಗ ಎತ್ತು, ಸಂಜೆ ಬೇಡಿಕೆ ಏರಿದಾಗ ಬಿಡು. ಎಲೆಕ್ಟ್ರಿಕಲ್ ಓದಿದವನಾಗಿ ನನಗೆ ಇದರ ತರ್ಕ ಅರ್ಥವಾಗುತ್ತದೆ. ಸೌರ ವಿದ್ಯುತ್ತು ಹೆಚ್ಚಿದಂತೆ ಇಂಥದ್ದು ಎಲ್ಲಾದರೂ ಬೇಕೇ ಬೇಕು. ಆದರೆ ಆ ಸುರಂಗಗಳು ಹೋಗುವುದು ಸಿಂಗಳೀಕಗಳಿಗೆಂದು ಉಳಿಸಿಟ್ಟ ಅಭಯಾರಣ್ಯದ ಒಡಲಿನಲ್ಲಿ. 2025ರ ಸಾರ್ವಜನಿಕ ಅಹವಾಲಿನ ಹೊತ್ತಿಗೆ ಘಟ್ಟದ ಮೇಲೂ ಕೆಳಗೂ ಜನ ಎದ್ದು ಬೇಡ ಎಂದರು. ಅಂಕಿ ಅಂಶ ಮುಂದಿಟ್ಟು ವಾದ ಮಾಡುವವರಿಗೆ ಈ "ಬೇಡ" ಹಟದ ಹಾಗೆ ಕಾಣುತ್ತದೆ. ನನಗೆ ಅದು ನೆನಪಿನ ಶಕ್ತಿಯ ಹಾಗೆ ಕಾಣುತ್ತದೆ. ಬಂಡೆಗೆ ಹಚ್ಚಿದ ಕೆಂಪು ಬಣ್ಣ ನೋಡಿ ಒಮ್ಮೆ ನಕ್ಕವರ ಮೊಮ್ಮಕ್ಕಳು ಇವರು, ಎರಡನೇ ಸಲ ನಗುವುದಿಲ್ಲ. ಕೆಲವು ಯೋಜನೆಗಳು ತಪ್ಪಲ್ಲದಿದ್ದರೂ, ಸಾಲ ತೀರಿಸದ ಮನೆಗೇ ಮತ್ತೆ ಸಾಲ ಕೇಳಲು ಬಂದರೆ ಬಾಗಿಲು ಹಾಕಿಕೊಳ್ಳುವುದು ನ್ಯಾಯವೇ.

2025ರ ಜುಲೈ 14ಕ್ಕೆ ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆಯಾಯಿತು. 2.44 ಕಿಲೋಮೀಟರು, 473 ಕೋಟಿ ರೂಪಾಯಿ, ತಂತಿಗಳಲ್ಲಿ ತೂಗಿಬಿಟ್ಟ ಸೇತುವೆ. ಡ್ಯಾಮಾಗಿ ಅರುವತ್ತೊಂದು ವರ್ಷಕ್ಕೆ. ಅತ್ತೆ ಅಂದು ಪಾಯಸ ಮಾಡಿದ್ದಳಂತೆ. ಮುಂದಿನ ವಾರ ನಾವು ಕಾರಿನಲ್ಲಿ ಹೋದೆವು. ಬಾಲ್ಯದಲ್ಲಿ ಲಾಂಚು ಕಾಯುವುದೂ ಸೇರಿ ಎಷ್ಟೋ ಹೊತ್ತು ಹಿಡಿಯುತ್ತಿದ್ದ ದಾರಿ ಮೂರು ನಿಮಿಷಕ್ಕೆ ಮುಗಿದುಹೋಯಿತು. ಅಪ್ಪಯ್ಯ ನಡುವೆ ನಿಲ್ಲಿಸು ಎಂದ. ಸೆಲ್ಫಿ ತೆಗೆಯುವವರ ಗುಂಪು, ಹಿಂದಿನಿಂದ ಹಾರನ್ನು, ನಿಲ್ಲಿಸುವ ಹಾಗಿರಲಿಲ್ಲ. ಕಿಟಕಿ ಇಳಿಸಿ ಉತ್ತರದ ಕಡೆ ಕತ್ತು ಚಾಚಿ ನೋಡುತ್ತಾ ಹೋದ. ಮಳೆ ಜೋರಿತ್ತು, ನೀರು ಏರುತ್ತಿತ್ತು, ಬೊಡ್ಡೆಗಳು ತಲೆ ಮಾತ್ರ ತೋರಿಸುತ್ತಿದ್ದವು.

ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ನಗುತ್ತಾ, "ಇನ್ನು ಮೇಲೆ ನಿನ್ನ ಪೇಪರಿನ ಅಂಕಿ ನಂಗೆ ಬೇಡ ಅಣ್ಣಯ್ಯ. ಏರಲಿ, ಇಳಿಲಿ, ನಾನು ದಾಟ್ತೀನಿ" ಎಂದಳು.

ಅಪ್ಪಯ್ಯ ಅನ್ನಕ್ಕೆ ಸಾರು ಕಲಸುತ್ತಾ, "ಹೂಂ, ನಿಂಗೆ ಬೇಡ" ಎಂದ.

ಅವನಿಗೆ ಈಗ ಪೇಪರಿನ ಸಣ್ಣ ಅಕ್ಷರ ಕಾಣುವುದಿಲ್ಲ. ಮಳೆಗಾಲದಲ್ಲಿ ಬೆಳಿಗ್ಗೆ ಫೋನು ಮಾಡುತ್ತಾನೆ, ನಾನು ಮೊಬೈಲಿನಲ್ಲಿ ನೋಡಿ ಹೇಳಬೇಕು. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಒಮ್ಮೊಮ್ಮೆ ಸಿಡುಕಿದ್ದೂ ಇದೆ. ಜೂನಿನ ಕೊನೆಯಲ್ಲೋ ಜುಲೈ ಮೊದಲಲ್ಲೋ, ಮಳೆ ಹೇಗಿದೆಯೋ ಹಾಗೆ, ಒಂದು ದಿನ ನಾನು ಅಂಕಿ ಹೇಳುತ್ತೇನೆ, ಆ ಕಡೆ ಡೈರಿಯ ಹಾಳೆ ತಿರುಗಿಸುವ ಸದ್ದು ಕೇಳುತ್ತದೆ.

"ಒರಳು ಮುಳುಗ್ತು" ಎನ್ನುತ್ತಾನೆ. ಆಮೇಲೆ ತಿಂಡಿ ಏನು ಎಂದು ಕೇಳುತ್ತಾನೆ.